ಓಟ ನಿಂತರೆ ತಲೆ ಕೆಡುತ್ತದೆ, ಕಾದಂಬರಿಯ ವಿಚಿತ್ರ ಮನುಷ್ಯರೇ ಆಪ್ತರು: ನನಗೇನಾದರೂ ಆಗಿದೆಯಾ?

ಪ್ರಶ್ನೆ: ಡಾಕ್ಟ್ರೇ, ನನಗೆ 41 ವರ್ಷ. ಲೆಕ್ಕಪತ್ರ ನೋಡುವ ಕೆಲಸ. ಆರು ವರ್ಷದ ಹಿಂದೆ ನನ್ನ ಪಾಲಿಗೆ ತುಂಬಾ ಕೆಟ್ಟ ಕಾಲ. ನಡುರಾತ್ರಿ ಎದೆ ಡವಡವ ಹೊಡೆದುಕೊಂಡು ಎದ್ದು ಕೂರುತ್ತಿದ್ದೆ, ಸತ್ತೇ ಹೋಗ್ತೀನಿ ಅನಿಸುತ್ತಿತ್ತು. ಆಗ ಓಡಲು ಶುರು ಮಾಡಿದೆ. ಈಗ ವಾರಕ್ಕೆ ಐದು ದಿನ, ದಿನಕ್ಕೆ ಏಳೆಂಟು ಕಿಲೋಮೀಟರ್. ಓಡಿ ಬಂದ ದಿನ ನಾನು ನೆಟ್ಟಗಿರುತ್ತೇನೆ. ಈಗ ಎಡಗಾಲಿನ ಮುಂದಿನ ಮೂಳೆಯ ಮೇಲೆ ಒಂದೇ ಜಾಗದಲ್ಲಿ ನೋವು. ಮೂರು ವಾರ ಯಾರಿಗೂ ಹೇಳದೆ ಹಾಗೇ ಓಡಿದೆ. ಆಮೇಲೆ ಮೂಳೆ ಡಾಕ್ಟರು ಆರು ವಾರ ಓಡಲೇಬೇಡಿ ಅಂದರು. ನಿಲ್ಲಿಸಿ ಒಂಬತ್ತು ದಿನ ಆಯಿತು. ನಿದ್ದೆ ಬರುತ್ತಿಲ್ಲ. ಎಲ್ಲರ ಮೇಲೂ ರೇಗುತ್ತೇನೆ. ಸುಮ್ಸುಮ್ನೆ ಅಳು ಬರುತ್ತದೆ. ‘ಇದು ಚಟ’ ಅಂತಾರೆ ನನ್ನ ಗಂಡ.

ಇನ್ನೊಂದು ವಿಷಯ ಹೇಳಲು ನಾಚಿಕೆ. ನನಗೆ ವಿಚಿತ್ರ ಸ್ವಭಾವದ ಪಾತ್ರಗಳಿರುವ ಕಾದಂಬರಿ ಅಂದರೆ ಪ್ರಾಣ. ಡಿಕನ್ಸ್ ಬರೆದ ‘ಡೇವಿಡ್ ಕಾಪರ್‌ಫೀಲ್ಡ್’ನಲ್ಲಿ ಒಬ್ಬಳು ಅತ್ತೆ ಬರುತ್ತಾಳಲ್ಲ, ಕತ್ತೆಗಳು ಕಂಡರೆ ಕೂಗಾಡಿಕೊಂಡು ಓಡಿಸಲು ನುಗ್ಗುವವಳು, ಅವಳು ನನಗೆ ಅಚ್ಚುಮೆಚ್ಚು. ಓಡುವಾಗ ಅವಳು ನನ್ನ ತಲೆಯಲ್ಲಿ ಮಾತಾಡುತ್ತಾಳೆ, ಬೈಯುತ್ತಾಳೆ. ಅಕ್ಕ ಹೇಳುತ್ತಾಳೆ, ‘ನೀನು ಜನರಿಂದ ತಪ್ಪಿಸಿಕೊಳ್ಳೋಕೆ ಓಡ್ತೀಯ, ಪುಸ್ತಕದಲ್ಲಿ ಬಚ್ಚಿಟ್ಟುಕೊಳ್ತೀಯ’ ಅಂತ. ಇಷ್ಟು ವರ್ಷ ಓಟ ನನ್ನೊಳಗಿನ ಹುಚ್ಚನ್ನು ಮುಚ್ಚಿಟ್ಟಿತ್ತಾ? ನೋವು ತಡೆದುಕೊಂಡು ನಿಧಾನಕ್ಕೆ ಓಡಬಹುದಾ? ಮಾತ್ರೆ ಬೇಕಾ?

ಉತ್ತರ: ಮೊದಲು ಕಾಲಿನ ವಿಷಯ, ಅದಕ್ಕೆ ಉತ್ತರ ಚಿಕ್ಕದು. ಓಡಬೇಡಿ. ನಿಧಾನಕ್ಕೂ ಬೇಡ, ಅರ್ಧ ಕಿಲೋಮೀಟರೂ ಬೇಡ. ನಾನು ಮನೋವೈದ್ಯ, ಮೂಳೆ ನನ್ನ ವಿಷಯವಲ್ಲ. ಆದರೆ ಓಟ ನಿಂತು ಕಂಗಾಲಾಗಿ ಬರುವವರನ್ನು ನೋಡಿ ನೋಡಿ ಇಷ್ಟು ಕಲಿತಿದ್ದೇನೆ. ಮೂಳೆಯ ಉದ್ದಕ್ಕೂ ಹರಡಿದ ನೋವು ಬೇರೆ, ಬೆರಳಿಟ್ಟು ‘ಇಲ್ಲೇ’ ಅಂತ ತೋರಿಸಬಹುದಾದ ನೋವು ಬೇರೆ. ಎರಡನೆಯದು ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುವ ಗುರುತಾಗಿರಬಹುದು. ಮೊದಲ ಎರಡು ಮೂರು ವಾರ ಅದು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಂಆರ್‌ಐನಲ್ಲಿ ಕಾಣುತ್ತದೆ. ಅದರ ಮೇಲೆ ಓಡಿದರೆ ಬಿರುಕು ಪೂರ್ತಿ ಮುರಿತವಾಗುವ ಅಪಾಯವಿದೆ. ಆಗ ಆರು ವಾರದ ಮಾತು ಹೋಗಿ ತಿಂಗಳುಗಳ ಮಾತು ಬರುತ್ತದೆ. ಒಂಬತ್ತೇ ದಿನಕ್ಕೆ ನಿಮಗೆ ಇಷ್ಟು ಕಷ್ಟ ಆಗಿರುವಾಗ, ಓಟವನ್ನು ತಿಂಗಳುಗಟ್ಟಲೆ ಕಳೆದುಕೊಳ್ಳುವ ಕೆಲಸ ಮಾಡಬೇಡಿ.

ಇನ್ನು ನಿಮ್ಮನ್ನು ನಿಜವಾಗಿ ಕೊರೆಯುತ್ತಿರುವ ಪ್ರಶ್ನೆಗೆ ಬರೋಣ. ಓಟ ನಿಂತ ಕೂಡಲೇ ಒಳಗಿದ್ದದ್ದು ಹೊರಗೆ ಬಂತಾ, ಇದೇ ನನ್ನ ನಿಜರೂಪವಾ ಅನ್ನುವ ಭಯ ನಿಮ್ಮದು. ಈ ಮಾತನ್ನು ನಾನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಕನ್ನಡಕ ತೆಗೆದರೆ ಅಕ್ಷರ ಮಸುಕಾಗುತ್ತದೆ. ಹಾಗಂತ ಇಷ್ಟು ದಿನ ಕನ್ನಡಕ ಏನನ್ನೋ ಮುಚ್ಚಿಟ್ಟು ಮೋಸ ಮಾಡುತ್ತಿತ್ತು ಅನ್ನುತ್ತೀವಾ? ಆರು ವರ್ಷದ ಹಿಂದೆ ನಿಮಗಿದ್ದದ್ದು, ನೀವು ಬರೆದಿರುವುದನ್ನು ನೋಡಿದರೆ, ಪ್ಯಾನಿಕ್ ಅನ್ನುವ ಆತಂಕದ ಕಾಯಿಲೆ. ಎದುರು ಕೂರಿಸಿಕೊಂಡು ಕೇಳದೆ ಖಚಿತವಾಗಿ ಹೇಳಲಾರೆ, ಆದರೆ ಲಕ್ಷಣ ಅದರದೇ. ನಿಮಗೆ ಗೊತ್ತಿಲ್ಲದೆಯೇ ನೀವು ಅದಕ್ಕೆ ಒಳ್ಳೆಯ ಚಿಕಿತ್ಸೆಯೊಂದನ್ನು ಹುಡುಕಿಕೊಂಡಿರಿ. ಈಗ ಅದು ದಿಢೀರನೆ ನಿಂತಿದೆ, ಅಷ್ಟೇ.

ಮತ್ತೆ, ದಿಢೀರನೆ ನಿಂತರೆ ಹೀಗಾಗುವುದು ನಿಮಗೊಬ್ಬರಿಗೇ ಅಲ್ಲ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೆಚ್ಚುಕಡಿಮೆ ದಿನವೂ ವ್ಯಾಯಾಮ ಮಾಡುವ 10 ಜನರಿಗೆ ಮೂರೇ ಮೂರು ದಿನ ನಿಲ್ಲಿಸಲು ಹೇಳಿದ್ದರು. ಅಷ್ಟರಲ್ಲೇ ಅವರ ಆತಂಕ, ಬಿಗಿತ, ಬೇಸರ ಎಲ್ಲ ಏರಿತ್ತು. ಮತ್ತೆ ಶುರು ಮಾಡಿದಾಗ ಇಳಿಯಿತು. ಚಿಕ್ಕ ಅಧ್ಯಯನ, ನಿಜ. ಆದರೆ ನಾನು ಕ್ಲಿನಿಕ್ಕಿನಲ್ಲಿ ನೋಡುವುದೂ ಇದನ್ನೇ. ಮೊದಲ ಎರಡು ವಾರ ತೀರಾ ಕಷ್ಟ, ಆಮೇಲೆ ಬಹಳ ಜನರಿಗೆ ಕಡಿಮೆಯಾಗುತ್ತಾ ಬರುತ್ತದೆ. ನೀವು ಈಗ ಒಂಬತ್ತನೇ ದಿನದಲ್ಲಿ ಇದ್ದೀರಿ, ಅಂದರೆ ಏರಿನ ನಡುಮಧ್ಯ.

ಓಟ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಅದರ ಬದಲಿಗೆ ಏನು ಮಾಡಬೇಕು ಅಂತಲೂ ಗೊತ್ತಾಗುತ್ತದೆ. ಎಲ್ಲರೂ ಹೇಳುವುದು ಎಂಡಾರ್ಫಿನ್, ಅಂದರೆ ದೇಹವೇ ತಯಾರಿಸುವ ನೋವು ತಗ್ಗಿಸುವ ರಾಸಾಯನಿಕದ ಕಥೆ. ಅದು ಪೂರ್ತಿ ಸುಳ್ಳಲ್ಲ. 2008ರಲ್ಲಿ ಜರ್ಮನಿಯಲ್ಲಿ 10 ಓಟಗಾರರನ್ನು ಎರಡು ಗಂಟೆ ಓಡಿಸಿ ಮೆದುಳಿನ ಸ್ಕ್ಯಾನ್ ಮಾಡಿದಾಗ, ಎಂಡಾರ್ಫಿನ್ ಜಾತಿಯ ರಾಸಾಯನಿಕಗಳು ಮೆದುಳಿನಲ್ಲಿ ಬಿಡುಗಡೆಯಾದ ಗುರುತು ಸಿಕ್ಕಿತ್ತು. ಆದರೆ ರಕ್ತದಲ್ಲಿ ಏರುವ ಎಂಡಾರ್ಫಿನ್ ಸುಲಭವಾಗಿ ಮೆದುಳಿಗೆ ದಾಟುವುದಿಲ್ಲ. 2021ರಲ್ಲಿ ಅದೇ ದೇಶದಲ್ಲಿ 63 ಜನರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ ಎಂಡಾರ್ಫಿನ್‌ನ ಪರಿಣಾಮವನ್ನೇ ತಡೆಯುವ ಮಾತ್ರೆ ಕೊಟ್ಟು 45 ನಿಮಿಷ ಓಡಿಸಿದರು. ಆದರೂ ಅವರಿಗೆ ಹಿತವಾಯಿತು, ಆತಂಕ ಇಳಿಯಿತು. ಹಾಗಾಗಿ ಈಗ ಹೆಚ್ಚು ಗಮನ ಬೇರೊಂದು ಗುಂಪಿನ ರಾಸಾಯನಿಕಗಳ ಮೇಲಿದೆ. ಆ ಗುಂಪಿನ ಒಂದು ರಾಸಾಯನಿಕವನ್ನು 1992ರಲ್ಲಿ ಜೆರುಸಲೇಮಿನ ವಿಜ್ಞಾನಿಗಳು ಮೊದಲು ಬೇರ್ಪಡಿಸಿದರು. ಅದಕ್ಕೆ ಅವರಿಟ್ಟ ಹೆಸರು ಆನಂದಮೈಡ್. ನಮ್ಮ ‘ಆನಂದ’ವೇ! ಇದು ಕೊಬ್ಬಿನಂಥ ವಸ್ತುವಾದ್ದರಿಂದ ಮೆದುಳಿಗೆ ಸಲೀಸಾಗಿ ದಾಟುತ್ತದೆ. ಓಡಿ ಮುಗಿಸಿ ಬೂಟು ಬಿಚ್ಚುವಾಗ ‘ಪರವಾಗಿಲ್ಲ, ಎಲ್ಲ ಸರಿಹೋಗುತ್ತೆ’ ಅನಿಸುತ್ತದಲ್ಲ, ಅದರಲ್ಲಿ ಇದರ ಪಾಲು ಇರಬಹುದು.

ಆದರೆ ಆ ಹಿತ ಕೆಲವು ಗಂಟೆಯದು. ಆರು ವರ್ಷ ನಿಮ್ಮನ್ನು ಕಾಪಾಡಿದ್ದು ಇನ್ನೊಂದು ಸಂಗತಿ ಅಂತ ನನ್ನ ನಂಬಿಕೆ. ಪ್ಯಾನಿಕ್ ಆದಾಗ ಏನಾಗುತ್ತದೆ? ಎದೆ ಬಡಿತ ಏರುತ್ತದೆ, ಉಸಿರು ಮೇಲಕ್ಕೆ ಎಳೆಯುತ್ತದೆ, ಬೆವರು ಒಡೆಯುತ್ತದೆ. ಮನಸ್ಸು ಅದನ್ನು ನೋಡಿ ‘ಅಪಾಯ’ ಅಂತ ಕಿರುಚುತ್ತದೆ. ಆ ಭಯಕ್ಕೆ ಎದೆ ಇನ್ನೂ ಜೋರಾಗಿ ಬಡಿಯುತ್ತದೆ. ಒಂದು ಇನ್ನೊಂದನ್ನು ಎಬ್ಬಿಸುತ್ತಾ ಸುತ್ತು ಹೊಡೆಯುತ್ತದೆ. ಈಗ ಓಟವನ್ನು ನೋಡಿ. ಅದೇ ಎದೆ ಬಡಿತ, ಅದೇ ಏದುಸಿರು, ಅದೇ ಬೆವರು. ಆದರೆ ಏನೂ ಆಗಲ್ಲ. ನಿಂತರೆ ಎರಡು ನಿಮಿಷದಲ್ಲಿ ಇಳಿಯುತ್ತದೆ. ವಾರಕ್ಕೆ ಐದು ಸಲದಂತೆ ಆರು ವರ್ಷ, ಅಂದರೆ ಸಾವಿರಕ್ಕೂ ಜಾಸ್ತಿ ಸಲ, ನಿಮ್ಮ ದೇಹ ಮನಸ್ಸಿಗೆ ಒಂದೇ ಪಾಠ ಹೇಳಿದೆ: ಎದೆ ಹೊಡೆದುಕೊಂಡರೆ ಸಾಯೋದಿಲ್ಲ. ಪ್ಯಾನಿಕ್‌ಗೆ ನಾವು ಕೊಡುವ ಮಾತಿನ ಚಿಕಿತ್ಸೆಯಲ್ಲೂ ಇದನ್ನೇ ಮಾಡಿಸುತ್ತೇವೆ. ಬೇಕಂತಲೇ ಮೆಟ್ಟಿಲು ಹತ್ತಿಸಿ, ನಿಂತಲ್ಲೇ ಓಡಿಸಿ, ಆ ಬಡಿತದ ಜೊತೆ ಕೂರಿಸುತ್ತೇವೆ. ಈ ಪಾಠ ಆರು ವಾರದಲ್ಲಿ ಅಳಿಸಿಹೋಗುವುದಿಲ್ಲ. ಮತ್ತೆ ರಾತ್ರಿ ಎದೆ ಹೊಡೆದುಕೊಂಡು ಎಚ್ಚರವಾದರೆ, ಇದು ನಾಲ್ಕನೇ ಕಿಲೋಮೀಟರಿನ ಬಡಿತ ಅಂತ ಅಂದುಕೊಂಡು ಸ್ವಲ್ಪ ಹೊತ್ತು ಕೂತು ನೋಡಿ. ಇಳಿಯುತ್ತದೆ.

ಇದರ ಜೊತೆ ಇನ್ನೂ ಕೆಲವು ಸಣ್ಣ ಲಾಭಗಳಿದ್ದವು, ಅವೂ ಒಟ್ಟಿಗೇ ಹೋಗಿವೆ: ಬೆಳಗಿನ ಬೆಳಕು, ದಿನಕ್ಕೊಂದು ಹೊತ್ತುಗೊತ್ತು, ಯಾರೂ ಕರೆಯದ ಮುಕ್ಕಾಲು ಗಂಟೆ, ರಾತ್ರಿ ತಾನೇ ಬರುವ ದಣಿವು. ಇವಕ್ಕೆ ಕಾಲು ಬೇಕಿಲ್ಲ. ಓಡುತ್ತಿದ್ದ ಹೊತ್ತಿಗೇ ಎದ್ದು, ಅದೇ ಬಟ್ಟೆ ಹಾಕಿಕೊಂಡು, ಬೆಳಕಿರುವ ಕಡೆ ಹೋಗಿ ಕೂತುಕೊಳ್ಳಿ. ಮೊದಲ ದಿನ ಅಳು ಬರಬಹುದು, ಬರಲಿ.

ಚಟ ಅನ್ನುವ ಮಾತಿಗೆ ಬರುತ್ತೇನೆ. ನಿಮ್ಮವರು ಕೋಪದಲ್ಲಿ ಹೇಳಿರಬಹುದು, ಹೆದರಿಕೆಯಲ್ಲೂ ಹೇಳಿರಬಹುದು. ವ್ಯಾಯಾಮದ ಚಟ ಅಂತ ಒಂದು ಇದೆ, ತಜ್ಞರು ಅದನ್ನು ಒಪ್ಪುತ್ತಾರೆ. ಆದರೆ ಮನೋವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ ಅದನ್ನು ಕಾಯಿಲೆ ಅಂತ ಪಟ್ಟಿ ಮಾಡಿಲ್ಲ. ನಿಂತಾಗ ಚಡಪಡಿಕೆ ಆಗುವುದೊಂದೇ ಚಟದ ಗುರುತಲ್ಲ. ಓಟಕ್ಕಾಗಿ ಮನೆ, ಕೆಲಸ, ಸಂಬಂಧ ಹಾಳಾದರೂ ಬಿಡದಿರುವುದು, ಅದೇ ಹಿತಕ್ಕೆ ವರ್ಷ ವರ್ಷ ಜಾಸ್ತಿ ಜಾಸ್ತಿ ಓಡಬೇಕಾಗುವುದು, ಬಿಡಬೇಕು ಅಂದುಕೊಂಡರೂ ಆಗದಿರುವುದು, ಪೆಟ್ಟಾದರೂ ನಿಲ್ಲದಿರುವುದು, ಇವೆಲ್ಲ ಸೇರಬೇಕು. ನೀವು ಒಂಬತ್ತು ದಿನ ನಿಲ್ಲಿಸಿದ್ದೀರಿ, ಇಷ್ಟೆಲ್ಲ ಕಷ್ಟಪಟ್ಟುಕೊಂಡೂ ನಿಲ್ಲಿಸಿದ್ದೀರಿ. ಇದು ನಿಮ್ಮ ಪರವಾದ ಸಾಕ್ಷಿ.

ಒಂದು ಮಾತನ್ನು ಮಾತ್ರ ನಾನು ಹಾಗೇ ಬಿಡಲಾರೆ. ‘ಮೂರು ವಾರ ಯಾರಿಗೂ ಹೇಳದೆ ಓಡಿದೆ’ ಅಂತ ಬರೆದಿದ್ದೀರಿ. ಯಾಕೆ ಹೇಳಲಿಲ್ಲ? ಹೇಳಿದರೆ ನಿಲ್ಲಿಸಿಬಿಡುತ್ತಾರೆ ಅಂತ ಅಲ್ವಾ? ಅಲ್ಲಿ ನಾನು ಸ್ವಲ್ಪ ನಿಂತು ಯೋಚಿಸುತ್ತೇನೆ. ಅದಕ್ಕೆ ಚಟ ಅಂತ ಹೆಸರಿಡುವುದಿಲ್ಲ. ಎಲ್ಲ ಹಗ್ಗವನ್ನೂ ಒಂದೇ ಗೂಟಕ್ಕೆ ಕಟ್ಟಿದ್ದೀರಿ ಅಂತ ಅರ್ಥ ಮಾಡಿಕೊಳ್ಳುತ್ತೇನೆ. ಗೂಟ ಗಟ್ಟಿಯದೇ. ಆದರೆ ಒಂದೇ ಇದ್ದರೆ ಅದು ಅಲ್ಲಾಡಿದಾಗ ಹೇಳಲೂ ಹೆದರಿಕೆ.

ಇದರ ಜೊತೆ ಮೂಳೆ ಡಾಕ್ಟರಿಗೆ ಹೇಳಬೇಕಾದ ಎರಡು ವಿಷಯ. ಓಡುವಷ್ಟಕ್ಕೆ ತಕ್ಕಂತೆ ಊಟ ಮಾಡುತ್ತಿದ್ದಿರಾ? ತೂಕ ಇಳಿದಿದೆಯಾ, ಮುಟ್ಟು ತಪ್ಪಿದೆಯಾ? ದೇಹಕ್ಕೆ ಸಾಲುವಷ್ಟು ಶಕ್ತಿ ಸಿಗದಿದ್ದರೆ ಮೂಳೆ ಸವೆಯುತ್ತದೆ, ಮನಸ್ಸೂ ಕುಗ್ಗುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಸ್ಥಿತಿಗೆ ಒಂದು ಹೆಸರನ್ನೇ ಕೊಟ್ಟು ಎಚ್ಚರಿಸಿತು. ಮೂಳೆಯ ಬಿರುಕಿನ ಹಿಂದೆ ಇದು ಇದ್ದರೆ ಬರೀ ವಿಶ್ರಾಂತಿ ಸಾಲದು. ನೀವು ಕೇಳದಿದ್ದರೂ ಇದನ್ನು ಹೇಳುತ್ತಿದ್ದೇನೆ, ಯಾಕೆಂದರೆ ಹೆಂಗಸರು ಇದನ್ನು ತಾವಾಗಿ ಹೇಳುವುದು ಕಡಿಮೆ, ಡಾಕ್ಟರು ಕೇಳುವುದೂ ಕಡಿಮೆ.

ಈಗ ನಾಚಿಕೆಯ ವಿಷಯ. ಅದರಲ್ಲಿ ನಾಚಿಕೆಗೆ ಕಾರಣವೇ ಇಲ್ಲ. 2017ರಲ್ಲಿ ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದ ಸಂಶೋಧಕರು 1,500ಕ್ಕೂ ಹೆಚ್ಚು ಓದುಗರನ್ನು ಕೇಳಿ ಬರೆದ ಲೇಖನವಿದೆ. ಅವರಲ್ಲಿ ಸುಮಾರು ಐವರಲ್ಲಿ ಒಬ್ಬರು, ಪುಸ್ತಕ ಮುಚ್ಚಿಟ್ಟ ಮೇಲೂ ಪಾತ್ರಗಳ ದನಿ ತಮ್ಮ ಜೊತೆ ಉಳಿಯುತ್ತದೆ ಅಂದರು. ಮನೋವೈದ್ಯನಾಗಿ ನಾನು ಕೇಳುವ ಪ್ರಶ್ನೆಗಳು ಇಷ್ಟೇ. ಆ ದನಿ ನಿಮ್ಮ ಯೋಚನೆಯದೇ ಅಂತ ನಿಮಗೆ ಗೊತ್ತಾ, ಇಲ್ಲಾ ಹೊರಗಿಂದ ಕಿವಿಗೆ ಬಿದ್ದ ಹಾಗೆ ಕೇಳುತ್ತದಾ? ಬೇಡ ಅಂದಾಗ ನಿಲ್ಲುತ್ತದಾ? ನಿಮಗೆ ಕೇಡಾಗುವಂಥದ್ದನ್ನು ಮಾಡು ಅಂತ ಹೇಳುತ್ತದಾ? ಹೊರಗಿಂದ ಕೇಳಿದರೆ, ನಿಲ್ಲದಿದ್ದರೆ, ಅಪ್ಪಣೆ ಮಾಡಿದರೆ ತಡಮಾಡದೆ ಮನೋವೈದ್ಯರ ಹತ್ತಿರ ಹೋಗಬೇಕು. ನೀವು ಬರೆದಿರುವ ಧಾಟಿ ನೋಡಿದರೆ ಹಾಗಿಲ್ಲ. ನೀವು ಪ್ರೀತಿಸುವ ಒಬ್ಬಳನ್ನು ಓಡುವಾಗ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಿರಿ.

ಮತ್ತೆ ನಿಮ್ಮ ಆಯ್ಕೆ ನನಗೆ ಬಹಳ ಇಷ್ಟವಾಯಿತು. ಕತ್ತೆ ಓಡಿಸುವ ಆ ಬೆಟ್ಸಿ ಅತ್ತೆಯ ಮನೆಯಲ್ಲೇ ಇನ್ನೊಬ್ಬರಿದ್ದಾರಲ್ಲ, ಮಿಸ್ಟರ್ ಡಿಕ್, ಅವರನ್ನು ನೆನಪಿಸಿಕೊಳ್ಳಿ. ಅವರು ಹತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಒಂದು ಮನವಿ ಬರೆಯುತ್ತಿದ್ದಾರೆ. ಬರೆಯಲು ಕೂತರೆ ಸಾಕು, 1649ರಲ್ಲಿ ತಲೆ ಕಡಿಸಿಕೊಂಡ ದೊರೆ ಚಾರ್ಲ್ಸನ ತಲೆ ಹೇಗೋ ಬರಹದೊಳಗೆ ನುಗ್ಗಿಬಿಡುತ್ತದೆ. ಹಾಳೆ ಕೆಡುತ್ತದೆ, ಮತ್ತೆ ಮೊದಲಿಂದ ಶುರು. ಬೇಡದ ಯೋಚನೆ ಮತ್ತೆ ಮತ್ತೆ ಬರುವುದನ್ನು ಇಷ್ಟು ಚೆನ್ನಾಗಿ ತೋರಿಸಿದ್ದನ್ನು ನಾನು ವೈದ್ಯಕೀಯ ಪುಸ್ತಕದಲ್ಲೂ ಓದಿಲ್ಲ. ಆಮೇಲೆ ಅವರು ಏನು ಮಾಡುತ್ತಾರೆ? ಆ ಕೆಟ್ಟ ಹಾಳೆಗಳನ್ನೆಲ್ಲ ಅಂಟಿಸಿ ದೊಡ್ಡ ಗಾಳಿಪಟ ಮಾಡುತ್ತಾರೆ. ಅದನ್ನು ಎತ್ತರಕ್ಕೆ ಹಾರಿಸಿ, ದಾರ ಹಿಡಿದು ಮೇಲೆ ನೋಡುತ್ತಾ ನಿಂತಾಗ ಅವರ ಮುಖ ಬೇರೆಲ್ಲೂ ಇಲ್ಲದಷ್ಟು ಶಾಂತವಾಗಿರುತ್ತದೆ. ದಾರ ಸುತ್ತಿ ಪಟ ಕೆಳಗೆ ಬಿದ್ದಾಗ ಕನಸಿನಿಂದ ಎದ್ದವರಂತೆ ಕಳೆಗುಂದುತ್ತಾರೆ. ನಿಮ್ಮ ಓಟಕ್ಕೂ ಆ ಗಾಳಿಪಟಕ್ಕೂ ಎಷ್ಟು ಹತ್ತಿರ ನೋಡಿ. ಇನ್ನೂ ಮುಖ್ಯವಾದದ್ದು ಬೆಟ್ಸಿ ಮಾಡಿದ್ದು. ಮನೆಯವರು ಆತನನ್ನು ಹುಚ್ಚಾಸ್ಪತ್ರೆಯಲ್ಲೇ ಕೂಡಿಹಾಕಿ ಬಿಡಬೇಕು ಅಂತಿದ್ದಾಗ ಆಕೆ ತನ್ನ ಮನೆಗೆ ಕರೆತಂದಳು. ದೊಡ್ಡ ದೊಡ್ಡ ವಿಷಯದಲ್ಲಿ ಆತನ ಸಲಹೆಯನ್ನೇ ಕೇಳುತ್ತಾಳೆ. ದೂರದ ಊರಿಂದ ನಡೆದು ಬಂದ ಹುಡುಗ ಡೇವಿಡ್‌ನನ್ನು ಏನು ಮಾಡಲಿ ಅಂತ ಕೇಳಿದರೆ, ಡಿಕ್ ಹೇಳುತ್ತಾರೆ: ಮೊದಲು ಸ್ನಾನ ಮಾಡಿಸು.

ವಿಚಿತ್ರ ಪಾತ್ರಗಳನ್ನು ನೀವು ಯಾಕೆ ಪ್ರೀತಿಸುತ್ತೀರಿ ಅನ್ನುವುದಕ್ಕೆ ನನ್ನ ಊಹೆ ಇದು. ದಿನವಿಡೀ ಕೂಡಿದ್ದು ಕಳೆದದ್ದು ಸರಿಹೊಂದಲೇಬೇಕಾದ ಕೆಲಸ ನಿಮ್ಮದು. ಆ ಕಾದಂಬರಿಗಳಲ್ಲಿ ಲೆಕ್ಕಕ್ಕೆ ಸಿಗದ ಮನುಷ್ಯರಿದ್ದಾರೆ. ಅವರನ್ನು ಯಾರೂ ಸರಿಪಡಿಸಲು ಹೋಗುವುದಿಲ್ಲ, ಜೊತೆಗಿಟ್ಟುಕೊಂಡು ಪ್ರೀತಿಸುತ್ತಾರೆ. ಆರು ವರ್ಷದ ಹಿಂದೆ ನಡುರಾತ್ರಿ ಒಬ್ಬರೇ ಎದ್ದು ಕೂತಿದ್ದ ಹೆಂಗಸಿಗೆ ಆ ಮನೆ ಇಷ್ಟವಾಗದೆ ಇರುತ್ತದಾ?

ಕಾದಂಬರಿ ಓದಿದರೆ ಬೇರೆಯವರ ಮನಸ್ಸು ಚೆನ್ನಾಗಿ ಅರ್ಥವಾಗುತ್ತದೆ ಅಂತ ಹೇಳುವವರಿದ್ದಾರೆ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಹಾಗೊಂದು ಅಧ್ಯಯನ ಬಂದು ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆ ತಂಡಗಳು ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ. ಹಾಗಾಗಿ ಔಷಧಿ ಅಂತ ಯಾರಿಗೂ ಕಾದಂಬರಿ ಬರೆದುಕೊಡಲಾರೆ. ಆದರೆ ಪುಸ್ತಕದಲ್ಲಿ ಮುಳುಗಿದ ಒಂದು ಗಂಟೆ ನೀವು ನಿಮ್ಮ ಬಗ್ಗೆ ಕೊರಗುತ್ತಾ ಕೂರುವುದಿಲ್ಲ. ಓಟ ಕೊಡುತ್ತಿದ್ದ ಬಿಡುವೂ ಇದೇ. ಎರಡನೇ ಗೂಟ ಆಗಲೇ ನಿಮ್ಮ ಮನೆಯಲ್ಲಿದೆ.

ಅಕ್ಕನ ಮಾತಿನಲ್ಲಿ ನಿಜವಿದೆಯಾ? ಅದನ್ನು ನೀವೇ ನೋಡಿಕೊಳ್ಳಬಹುದು. ಓಡಿ ಬಂದ ಮೇಲೆ, ಪುಸ್ತಕ ಮುಚ್ಚಿದ ಮೇಲೆ ಮನೆಯವರ ಜೊತೆ ಮಾತು ಹಗುರವಾಗುತ್ತಿತ್ತಾ, ಭಾರವಾಗುತ್ತಿತ್ತಾ? ಹಗುರವಾಗುತ್ತಿದ್ದರೆ ಅದು ತಪ್ಪಿಸಿಕೊಳ್ಳುವುದಲ್ಲ. ಆದರೆ ಆಡಬೇಕಾದ ಯಾವುದೋ ಒಂದು ಮಾತು ಆರು ವರ್ಷದಿಂದ ಹಾಗೇ ಉಳಿದಿದ್ದರೆ, ಅಕ್ಕ ಹೇಳುತ್ತಿರುವುದು ಅದನ್ನೇ ಇರಬಹುದು. ಆ ಕೆಟ್ಟ ಕಾಲದಲ್ಲಿ ಏನಾಯಿತು ಅಂತ ನೀವು ಬರೆದಿಲ್ಲ. ಅಕ್ಕನಿಗಾದರೂ ಹೇಳಿದ್ದೀರಾ?

ಮುಂದೆ ಏನು ಮಾಡಬಹುದು? ಮೂಳೆ ಡಾಕ್ಟರು ಒಪ್ಪಿದರೆ ನನ್ನ ಮೊದಲ ಸಲಹೆ ಆಳವಾದ ನೀರಿನಲ್ಲಿ ಓಡುವುದು. ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು, ಕಾಲು ತಳಕ್ಕೆ ತಾಗದ ಹಾಗೆ, ಓಡುವಂತೆಯೇ ಕೈಕಾಲು ಆಡಿಸುವುದು. ಮೂಳೆಯ ಮೇಲೆ ಭಾರ ಬೀಳುವುದಿಲ್ಲ, ಎದೆ ಬಡಿತ ಮಾತ್ರ ಚೆನ್ನಾಗಿ ಏರುತ್ತದೆ. ನಿಮಗೆ ಬೇಕಾಗಿರುವುದೂ ಆ ಬಡಿತವೇ. ನೀರು ಆಗದಿದ್ದರೆ ನಿಂತಲ್ಲೇ ತುಳಿಯುವ ಸೈಕಲ್, ನೋವು ಬಾರದಿದ್ದರೆ ಮಾತ್ರ. ಇಲ್ಲೊಂದು ಅಪಾಯವಿದೆ, ಕಣ್ಣಾರೆ ಕಂಡದ್ದು: ಓಟ ಹೋಯಿತು ಅನ್ನುವ ಸಂಕಟಕ್ಕೆ ಇವುಗಳನ್ನು ಎರಡರಷ್ಟು ಮಾಡಿ ಇನ್ನೊಂದು ಕಡೆ ನೋವು ತಂದುಕೊಳ್ಳುವುದು. ಓಡುತ್ತಿದ್ದಷ್ಟೇ ಹೊತ್ತು ಮಾಡಿ, ಸಾಕು. ದಮ್ಮು ಪೂರ್ತಿ ಹೋಗಿಬಿಡುತ್ತೆ ಅಂತ ಹೆದರಬೇಡಿ. ಚೆನ್ನಾಗಿ ಪಳಗಿದ ಕ್ರೀಡಾಪಟುಗಳು ಏನೂ ಮಾಡದೆ ಮೂರು ವಾರ ಕೂತಾಗ ಅವರ ಆಮ್ಲಜನಕ ಬಳಸುವ ಶಕ್ತಿ ಇಳಿದದ್ದು ಶೇಕಡ 7ರಷ್ಟು ಅಂತ 1984ರ ಒಂದು ಅಧ್ಯಯನದಲ್ಲಿದೆ. ಅದು ತಿರುಗಿ ಬರುವಂಥದ್ದೇ.

ಮಾತಿನ ಚಿಕಿತ್ಸೆ ನಿಮ್ಮಂಥವರಿಗೆ ಚೆನ್ನಾಗಿ ಹೊಂದುತ್ತದೆ. ಅರ್ಧ ಪಾಠ ನಿಮ್ಮ ದೇಹಕ್ಕೆ ಆಗಲೇ ಬಂದಿದೆ. ಸಮಯ ಹಿಡಿಯುತ್ತದೆ, ಮೊದಮೊದಲು ಹಳೆಯದನ್ನು ಕೆದಕಿದಂತಾಗಿ ಬೇಸರವೂ ಆಗಬಹುದು.

ಇನ್ನು ಮಾತ್ರೆ. 1999ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಖಿನ್ನತೆಯಿದ್ದ, 50 ದಾಟಿದ 156 ಜನರ ಮೇಲೆ ನಡೆದ ಪ್ರಯೋಗದಲ್ಲಿ, 16 ವಾರದ ಹೊತ್ತಿಗೆ ವ್ಯಾಯಾಮವೂ ಮಾತ್ರೆಯೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟಿದ್ದವು. 2023ರಲ್ಲಿ ಆಂಸ್ಟರ್‌ಡಾಮ್‌ನಲ್ಲಿ ಖಿನ್ನತೆ, ಆತಂಕ ಇದ್ದ 141 ಜನರ ಮೇಲೆ ಓಟವನ್ನೇ ಮಾತ್ರೆಯ ಜೊತೆ ಹೋಲಿಸಿ ನೋಡಿದರು. ಮನಸ್ಸಿನ ಮಟ್ಟಿಗೆ ಫಲ ಹತ್ತಿರ ಹತ್ತಿರವೇ ಇತ್ತು, ದೇಹದ ಆರೋಗ್ಯಕ್ಕೆ ಓಟವೇ ಮೇಲು. ಆದರೆ ಮಾತ್ರೆಯನ್ನು ಹೇಳಿದಂತೆ ಮುಂದುವರಿಸಿದವರು ಶೇಕಡ 82, ಓಟ ಮುಂದುವರಿಸಿದವರು 52. ಬೇರೆಯವರು ಅರ್ಧಕ್ಕೆ ಬಿಡುವುದನ್ನು ನೀವು ಆರು ವರ್ಷ ನಡೆಸಿಕೊಂಡು ಬಂದಿದ್ದೀರಿ. ಹಾಗಂತ ಓಟದವರಿಗೆ ಮಾತ್ರೆ ಸೋಲು ಅಂತ ಅಂದುಕೊಳ್ಳಬೇಡಿ. ಇನ್ನೂ ಎರಡು ವಾರ ಕಳೆದರೂ ನಿದ್ದೆ, ಅಳು ಹೀಗೇ ಇದ್ದರೆ, ಕೆಲಸಕ್ಕೆ ತೊಂದರೆಯಾದರೆ, ಹಳೇ ಪ್ಯಾನಿಕ್ ಮರಳಿದರೆ ಮನೋವೈದ್ಯರನ್ನು ನೋಡಿ. ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳ ಫಲ ಕಾಣಲು ಎರಡರಿಂದ ಆರು ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ, ತಲೆನೋವು, ಚಡಪಡಿಕೆ ಬರಬಹುದು. ಶುರು ಮಾಡಿದರೆ ನೀವಾಗಿಯೇ ದಿಢೀರನೆ ನಿಲ್ಲಿಸಬಾರದು. ಬೇಗ ನಿದ್ದೆ ಬರಿಸುವ ಮಾತ್ರೆಗಳನ್ನು ಮಾತ್ರ ಯಾರೋ ಕೊಟ್ಟರು ಅಂತ ನುಂಗಬೇಡಿ. ಅವು ಕೆಲವೇ ವಾರಗಳಲ್ಲಿ ಅಭ್ಯಾಸವಾಗಿಬಿಡುತ್ತವೆ. ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದರೂ ಎರಡು ವಾರ ಕಾಯಬೇಡಿ. ಅವತ್ತೇ ಮನೆಯವರಿಗೆ ಹೇಳಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಆರು ವಾರದ ಮೇಲೆ ಡಾಕ್ಟರು ಹೂಂ ಅಂದ ದಿನ ನಿಮಗೆ ಎಂಟು ಕಿಲೋಮೀಟರ್ ಹೋಗಿಬಿಡೋಣ ಅನಿಸುತ್ತದೆ. ಮನಸ್ಸು ಹಸಿದಿರುತ್ತದೆ, ಮೂಳೆ ಸಿದ್ಧವಾಗಿರುವುದಿಲ್ಲ. ಮೊದಲು ಅರ್ಧ ಗಂಟೆ ನೋವಿಲ್ಲದೆ ಬಿರುಸಾಗಿ ನಡೆಯಲು ಬರಬೇಕು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ದಿನ ಬಿಟ್ಟು ದಿನ. ಅದೇ ಜಾಗದಲ್ಲಿ ನೋವು ಮರಳಿದರೆ ಅವತ್ತೇ ನಿಲ್ಲಿಸಿ, ಅವತ್ತೇ ಮನೆಯಲ್ಲಿ ಹೇಳಿ.

ಇವತ್ತು ರಾತ್ರಿ ಗಂಡನ ಹತ್ತಿರ ಆ ಮೂರು ವಾರದ ವಿಷಯ ಮಾತಾಡಿ. ಚಟ ಹೌದೋ ಅಲ್ಲವೋ ಅಂತ ವಾದಕ್ಕೆ ಇಳಿಯಬೇಡಿ. ಓಟ ನಿಂತರೆ ಆ ರಾತ್ರಿಗಳು ಮತ್ತೆ ಬರುತ್ತವೆ ಅಂತ ಹೆದರಿದ್ದೆ, ಅದಕ್ಕೇ ನೋವು ಮುಚ್ಚಿಟ್ಟೆ ಅಂತ ಹೇಳಿ. ನೀರಿನಲ್ಲಿ ಓಡಿದ ಮೊದಲ ದಿನ ಹೇಗಿತ್ತು ಅಂತ ನನಗೂ ಬರೆಯಿರಿ. ಬೆಟ್ಸಿ ಅತ್ತೆ ನೀರಿಗೂ ಬಂದು ಬೈದಳಾ ಅಂತ ತಿಳಿಯುವ ಆಸೆಯಿದೆ.